ಒಬ್ಬನೇ ಇಂಡಿಯಾನಾ ಜೋನ್ಸ್, ಬರೆದವರು ಮೂವರು: ನಿಮಗೆ ಯಾರ ಪುಸ್ತಕ ಹಿಡಿಸಿತು?

ಹಳೇಕಪಾಟು, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಹಾಲಿವುಡ್ ಸಿನಿಮಾದ ಸಾಹಸಿ ಪುರಾತತ್ವ ಪ್ರೊಫೆಸರ್ ಇಂಡಿಯಾನಾ ಜೋನ್ಸ್ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಕಾದಂಬರಿಗಳ ಸಾಲಿನಲ್ಲಿ ಹನ್ನೆರಡನೇ ಪುಸ್ತಕ ಹೋದ ಭಾನುವಾರ ರಾತ್ರಿ ಮುಗಿಸಿದೆ. ಅವತ್ತಿಂದ ಇದರ ಬಗ್ಗೆ ಯಾರ ಹತ್ತಿರವಾದರೂ ಮಾತಾಡಬೇಕು ಅಂತ ಒದ್ದಾಡುತ್ತಿದ್ದೇನೆ. ಮನೆಯಲ್ಲಿ ಯಾರೂ ಓದಿಲ್ಲ. ಅಂಗಡಿಯಲ್ಲಿ ಜತೆಗಿರುವವರಿಗೆ ಸಿನಿಮಾ ಗೊತ್ತು, ಪುಸ್ತಕಗಳಿವೆ ಅನ್ನೋದೇ ಗೊತ್ತಿಲ್ಲ.

ಸಿನಿಮಾ ನಿಮಗೆಲ್ಲ ನೆನಪಿರುತ್ತದೆ. 1981ರಲ್ಲಿ ಮೊದಲನೆಯದು, 1984ರಲ್ಲಿ ನಮ್ಮ ಅಮರೀಶ್ ಪುರಿ ಖಳನಾಯಕ ಮೋಲಾ ರಾಮ್ ಆಗಿದ್ದ ಎರಡನೆಯದು, 1989ರಲ್ಲಿ ಅಪ್ಪ-ಮಗನ ಕಥೆ. ಆ ಸಿನಿಮಾಗಳನ್ನೇ ಕಾದಂಬರಿ ಮಾಡಿದ ಪುಸ್ತಕಗಳು ಬೇರೆ ಇವೆ, ಅವುಗಳ ಮಾತು ಇದಲ್ಲ. ಸಿನಿಮಾಕ್ಕೂ ಮೊದಲಿನ ವರ್ಷಗಳಲ್ಲಿ ಅವನು ಎಲ್ಲಿದ್ದ, ಏನು ಮಾಡುತ್ತಿದ್ದ ಅಂತ ಹೊಸದಾಗಿ ಬರೆಸಿದ ಕಾದಂಬರಿಗಳಿವೆಯಲ್ಲ, ಅವು. ಅಮೆರಿಕದ ಬ್ಯಾಂಟಮ್ ಪ್ರಕಾಶನ 1991ರಿಂದ 1999ರವರೆಗೆ ಇಂಥ ಹನ್ನೆರಡು ಪುಸ್ತಕ ತಂದಿತು. ಮೊದಲ ಆರನ್ನು ರಾಬ್ ಮೆಕ್‌ಗ್ರೆಗರ್ ಬರೆದರು. ಆಮೇಲೆ ಎರಡು ಮಾರ್ಟಿನ್ ಕೇಡಿನ್ ಅವರವು. ಕೊನೆಯ ನಾಲ್ಕು ಮ್ಯಾಕ್ಸ್ ಮೆಕಾಯ್ ಅವರವು. ಸಿನಿಮಾದ ಕಥೆ 1935ರಿಂದ ಶುರುವಾಗುತ್ತದೆ, ಹಾಗಾಗಿ ಈ ಮೂವರಿಗೂ ಅದಕ್ಕಿಂತ ಹಿಂದಿನ ವರ್ಷಗಳೇ ಜಾಗ. ಮೆಕ್‌ಗ್ರೆಗರ್ 1920ರ ದಶಕ ಹಿಡಿದರು, ಕೇಡಿನ್ 1930, ಮೆಕಾಯ್ 1933 ಮತ್ತು 1934.

ಇವುಗಳನ್ನು ಕೂಡಿಹಾಕಲು ನನಗೆ ಒಂಬತ್ತು ವರ್ಷ ಹಿಡಿಯಿತು. ಮೊದಲನೆಯದು ರಸ್ತೆ ಬದಿಯ ಹಳೇ ಪುಸ್ತಕದ ರಾಶಿಯಲ್ಲಿ, ಎಂಜಿನಿಯರಿಂಗ್ ಗೈಡುಗಳ ನಡುವೆ ಸಿಕ್ಕಿತು. ಬೆಲೆ ನಲವತ್ತು ರೂಪಾಯಿ. ಡ್ರೂ ಸ್ಟ್ರೂಜನ್ ಬಿಡಿಸಿದ ಮುಖಪುಟ, ಆ ಟೊಪ್ಪಿಗೆ, ಆ ಚಾಟಿ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುತ್ತಾ ಅರ್ಧ ಓದಿದೆ, ಬರುತ್ತಾ ಇಳಿಯುವ ಸ್ಟಾಪ್ ದಾಟಿ ಹೋಗಿತ್ತು.

ನನ್ನ ಮಾತು ನೇರವಾಗಿ ಹೇಳಿಬಿಡುತ್ತೇನೆ. ಮೂವರಲ್ಲಿ ಮೆಕ್‌ಗ್ರೆಗರ್ ದೊಡ್ಡವರು. ಅವರ ಪುಸ್ತಕಗಳಲ್ಲಿ ಮನುಷ್ಯ ಬೆಳೆಯುತ್ತಾನೆ.

'ಪೆರಿಲ್ ಅಟ್ ಡೆಲ್ಫಿ' ತಗೊಳ್ಳಿ. ಅದರಲ್ಲಿ ಅವನು ಇನ್ನೂ ಪುರಾತತ್ವದವನೇ ಅಲ್ಲ. ಪ್ಯಾರಿಸ್ಸಿನ ಸೊರ್ಬಾನಿನಲ್ಲಿ ಭಾಷಾಶಾಸ್ತ್ರ ಓದುವ ಹುಡುಗ. ವರ್ಷ 1922. ಡೋರಿಯನ್ ಬೆಲೆಕಾಮಸ್ ಅನ್ನುವ ಗ್ರೀಕ್ ಪ್ರೊಫೆಸರ್ ಅವನನ್ನು ಗ್ರೀಸ್ ದೇಶದ ಡೆಲ್ಫಿಗೆ ಕರೆದುಕೊಂಡು ಹೋಗುತ್ತಾಳೆ, ಅಲ್ಲಿಂದ ಅವನ ದಾರಿ ಬದಲಾಗುತ್ತದೆ. ಹೆದರುತ್ತಾನೆ, ತಪ್ಪು ಮಾಡುತ್ತಾನೆ, ಯಾರನ್ನು ನಂಬಬೇಕು ಅಂತ ಗೊತ್ತಾಗದೆ ಒದ್ದಾಡುತ್ತಾನೆ. ಸಿನಿಮಾದಲ್ಲಿ ನಾವು ನೋಡಿದ್ದು ತಯಾರಾದ ಮನುಷ್ಯನನ್ನು. ಇಲ್ಲಿ ಅವನು ತಯಾರಾಗುವುದನ್ನು ನೋಡುತ್ತೇವೆ.

ಮುಂದೆ ಕಥೆ ಒಡೆಯುತ್ತೇನೆ, ಓದದೇ ಇದ್ದವರು ಈ ಪ್ಯಾರಾ ಬಿಟ್ಟುಬಿಡಿ. ಎರಡನೆಯ ಪುಸ್ತಕ 'ಡಾನ್ಸ್ ಆಫ್ ದಿ ಜಯಂಟ್ಸ್'ನಲ್ಲಿ, 1925ರ ಲಂಡನ್ನಿನಲ್ಲಿ ಅವನು ಪಾಠ ಮಾಡುತ್ತಾನೆ. ಅಲ್ಲಿ ಡೇರ್ಡ್ರ ಕ್ಯಾಂಪ್‌ಬೆಲ್ ಸಿಗುತ್ತಾಳೆ. ಮೂರನೆಯದರಲ್ಲಿ ಮದುವೆ ಆಗುತ್ತದೆ. ಆ ಪುಸ್ತಕದಲ್ಲಿ ಇಬ್ಬರೂ ಬ್ರೆಜಿಲ್ ಕಾಡಿಗೆ ಪರ್ಸಿ ಫಾಸೆಟ್‌ನನ್ನು ಹುಡುಕಿಕೊಂಡು ಹೋಗುತ್ತಾರೆ. ಫಾಸೆಟ್ ನಿಜವಾದ ಮನುಷ್ಯ, 1925ರಲ್ಲಿ 'ಜಡ್' ಅಂತ ತಾನೇ ಹೆಸರಿಟ್ಟ ಊರನ್ನು ಹುಡುಕುತ್ತಾ ಹೋಗಿ ಕಾಣೆಯಾದವನು. ಕೊನೆಯಲ್ಲಿ ವಿಮಾನ ಬೀಳುತ್ತದೆ. ಡೇರ್ಡ್ರ ಸಾಯುತ್ತಾಳೆ. ಆ ಪುಟ ಓದಿ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಕಟ್ಟೆ ಮೇಲೆ ಬಹಳ ಹೊತ್ತು ಕೂತಿದ್ದೆ. ಇಂಥ ಸಾಹಸದ ಪುಸ್ತಕದಲ್ಲಿ ನಾಯಕನ ಹೆಂಡತಿಯನ್ನು ನಾವು ಹತ್ತಿರದಿಂದ ನೋಡಿ, ಅವಳು ಇರುತ್ತಾಳೆ ಅಂತ ನಂಬಿ, ಆಮೇಲೆ ಕಳಕೊಳ್ಳುತ್ತೇವೆ ಅಂತ ಅಂದುಕೊಂಡೇ ಇರಲಿಲ್ಲ.

ಕೇಡಿನ್ ಬಂದ ಮೇಲೆ ನನಗೆ ಬೇಸರವಾಯಿತು. 'ಸ್ಕೈ ಪೈರೇಟ್ಸ್' 1993ರದು, 'ವೈಟ್ ವಿಚ್' 1994ರದು. ಈ ಎರಡರಲ್ಲಿ ನನಗೆ ಆ ಮನುಷ್ಯ ಸಿಗಲೇ ಇಲ್ಲ. ಗುಂಪು ಕಟ್ಟಿಕೊಂಡು ಅಪ್ಪಣೆ ಕೊಡುವ ಯಾರೋ ಗೂಢಚಾರ ಸಿಕ್ಕ. ಸೋತು ಧೂಳು ಕೊಡವಿಕೊಂಡು ಎದ್ದು ಬರುವವನು ಅವನಲ್ಲವೇ? ಇಲ್ಲಿ ಎಲ್ಲವೂ ಅವನಿಗೆ ಮೊದಲೇ ಗೊತ್ತು.

ಮೆಕಾಯ್ ಛಲೋ ಬರೆಯುತ್ತಾರೆ. ಓಟ ಇದೆ, ಸಿನಿಮಾದ ರುಚಿ ಇದೆ. ಆದರೆ ನನಗೆ ಎರಡನೇ ಸ್ಥಾನ. ನೀವು ಹೇಳಿ.

ಲಕ್ಕುಂಡಿಬಾವಿ, ಗದಗ

ಅಣ್ಣಾ, ಹನ್ನೆರಡೂ ಓದಿದ ಇನ್ನೊಬ್ಬರು ನಮ್ಮ ಕಡೆ ಇದ್ದಾರೆ ಅಂತ ಗೊತ್ತಾಗಿ ಎಷ್ಟು ಖುಷಿಯಾಯಿತು ಅಂದರೆ ಹೇಳಲಾರೆ. ನಾನು ಹತ್ತು ಓದಿದ್ದೇನೆ. 'ಯೂನಿಕಾರ್ನ್ಸ್ ಲೆಗಸಿ' ಮತ್ತು 'ವೈಟ್ ವಿಚ್' ನನಗೆ ಸಿಕ್ಕಿಲ್ಲ.

ಆದರೆ ನಿಮ್ಮ ತೀರ್ಪಿಗೆ ನನ್ನ ಒಪ್ಪಿಗೆ ಇಲ್ಲ. ಮೊದಲ ಸ್ಥಾನ ಮೆಕಾಯ್‌ಗೇ ಕೊಡಬೇಕು.

ನಮ್ಮ ಊರಿನವರು ಇದನ್ನು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಮಹಾಭಾರತದ ಕಥೆ ಒಂದೇ. ಪಂಪ ಬರೆದಾಗ ಅರ್ಜುನ ನಾಯಕ. ರನ್ನ ಬರೆದಾಗ ಭೀಮ ಎದ್ದು ನಿಲ್ಲುತ್ತಾನೆ, ದುರ್ಯೋಧನನಿಗೂ ನಮ್ಮ ಕಣ್ಣಲ್ಲಿ ನೀರು ಬರುತ್ತದೆ. ಕೋಳಿವಾಡದ ನಾರಣಪ್ಪ ನಮ್ಮ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದಾಗ ಎಲ್ಲವೂ ಕೃಷ್ಣನ ಕಥೆ ಆಗುತ್ತದೆ. ಕಥೆ ಯಾರದು ಅಂತ ಯಾರೂ ಜಗಳ ಆಡುವುದಿಲ್ಲ, ಈ ಕವಿ ಅದರಲ್ಲಿ ಏನು ಕಂಡ ಅಂತ ಕೇಳುತ್ತಾರೆ. ಇಲ್ಲಿಯೂ ಹಾಗೇ ಕೇಳಬೇಕು ಅನಿಸುತ್ತದೆ.

ಮೆಕ್‌ಗ್ರೆಗರ್ ಕಂಡದ್ದು ಹುಡುಗನನ್ನು. ಅದು ನಿಜ, ಚೆನ್ನಾಗಿದೆ. ಆದರೆ ಆ ಹುಡುಗ ಬಹಳ ಸಲ ನಡೆಯುವುದನ್ನು ನೋಡುತ್ತಾ ನಿಲ್ಲುತ್ತಾನೆ. ದರ್ಶನ ಆಗುತ್ತದೆ, ಕನಸು ಬೀಳುತ್ತದೆ, ಯಾರೋ ಹಿರಿಯರು ಬಂದು ರಹಸ್ಯ ಹೇಳುತ್ತಾರೆ. ಅವನು ತಾನೇ ಕೈ ಹಾಕಿ ಬಿಡಿಸುವುದು ಕಡಿಮೆ.

ಮೆಕಾಯ್ ಕಂಡದ್ದು ಶಾಪ ಹೊತ್ತ ಮನುಷ್ಯನನ್ನು. 1995ರ 'ಫಿಲಾಸಫರ್ಸ್ ಸ್ಟೋನ್' ಶುರುವಿನಲ್ಲೇ ಬ್ರಿಟಿಷ್ ಹೊಂಡುರಾಸಿನ ಕಾಡಲ್ಲಿ ಸ್ಫಟಿಕದ ತಲೆಬುರುಡೆ ಸಿಗುತ್ತದೆ, ನೀನು ಯಾರನ್ನು ಪ್ರೀತಿಸುತ್ತೀಯೋ ಅವರನ್ನು ಕೊಲ್ಲುತ್ತೀಯ ಅನ್ನುವ ಶಾಪವೂ ಅಂಟುತ್ತದೆ. ಬುರುಡೆ ಅವನ ಕೈಯಿಂದ ಹೋಗುತ್ತದೆ, ಶಾಪ ಉಳಿಯುತ್ತದೆ. ನಾಲ್ಕೂ ಪುಸ್ತಕಗಳಲ್ಲಿ ಆ ಎಳೆ ಹರಿಯುತ್ತದೆ. ಒಂದೊಂದು ಪುಸ್ತಕದಲ್ಲಿ ಒಂದೊಂದು ನಿಧಿ, ಆದರೆ ಅಡಿಯಲ್ಲಿ ಒಂದೇ ನೋವು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸಿಗುವ ಅಲೀಷಿಯಾ ಡನ್‌ಸ್ಟಿನ್ ಹತ್ತಿರ ಬಂದಾಗಲೆಲ್ಲ ಅವನು ಹಿಂದೆ ಸರಿಯುತ್ತಾನೆ, ಯಾಕೆ ಅಂತ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಮೂರನೇ ಪುಸ್ತಕ ಓದುವಾಗ ನನಗೆ ಪ್ರತಿ ಅಧ್ಯಾಯಕ್ಕೂ ಎದೆ ಡವಡವ.

ಇನ್ನೊಂದು ಮಾತು. ಸ್ಫಟಿಕದ ಬುರುಡೆ ಸಿನಿಮಾಕ್ಕೆ ಬಂದದ್ದು 2008ರಲ್ಲಿ. ಮೆಕಾಯ್ ಹದಿಮೂರು ವರ್ಷ ಮೊದಲೇ ಅದನ್ನು ಹಿಡಿದಿದ್ದರು, ಸಿನಿಮಾಕ್ಕಿಂತ ಚೆನ್ನಾಗಿಯೇ ಹಿಡಿದಿದ್ದರು ಅಂತ ನನ್ನ ನಂಬಿಕೆ. ಅದೇ ಪುಸ್ತಕದಲ್ಲಿ ವಾಯ್ನಿಚ್ ಹಸ್ತಪ್ರತಿ ಇದೆ. ಅದು ನಿಜವಾಗಿ ಇರುವ ಪುಸ್ತಕ, ಯೇಲ್ ವಿಶ್ವವಿದ್ಯಾಲಯದಲ್ಲಿದೆ, ಅದರ ಲಿಪಿ ಇವತ್ತಿಗೂ ಯಾರಿಗೂ ಬಗೆಹರಿದಿಲ್ಲ. ಇಂಥ ನಿಜವಾದ ಒಗಟು ಕೈಯಲ್ಲಿಟ್ಟುಕೊಂಡು ಕಥೆ ಕಟ್ಟಿದರೆ ಓದುವವರಿಗೆ ನಿದ್ದೆ ಬರುತ್ತದಾ ಹೇಳಿ.

ಮೂರುಇಂಜಿನ್, ಧಾರವಾಡ

ಇಬ್ಬರಿಗೂ ನಮಸ್ಕಾರ. ಕೇಡಿನ್ ಪರವಾಗಿ ಯಾರೂ ಮಾತಾಡುವುದಿಲ್ಲ ಅಂತ ಕಾಣುತ್ತದೆ, ಹಾಗಾಗಿ ನಾನು ಮಾತಾಡುತ್ತೇನೆ.

ನಾನು ಸಾಂಬ್ರಾದಲ್ಲಿ ತರಬೇತಿ ಪಡೆದು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನದ ಮೈ ರಿಪೇರಿ ಮಾಡಿದವನು. ಸಾಹಸದ ಕಾದಂಬರಿಗಳಲ್ಲಿ ವಿಮಾನ ಬಂದರೆ ನನಗೆ ಸಿಟ್ಟೇ ಜಾಸ್ತಿ ಬರುತ್ತದೆ. ಗುಂಡಿ ಒತ್ತುತ್ತಾರೆ, ಹಾರುತ್ತದೆ. ಗಾಳಿ ಇಲ್ಲ, ಭಾರ ಇಲ್ಲ, ಎಣ್ಣೆ ವಾಸನೆ ಇಲ್ಲ. 'ಸ್ಕೈ ಪೈರೇಟ್ಸ್'ನಲ್ಲಿ ಫೋರ್ಡ್ ಟ್ರೈಮೋಟರ್ ಬರುತ್ತದೆ. ಮೂರು ಇಂಜಿನ್, ಮೈಮೇಲೆಲ್ಲ ನಮ್ಮ ಪತ್ರಾಸಿನ ಹಾಗೆ ಮಡಿಕೆ ಮಡಿಕೆಯ ಲೋಹದ ತಗಡು. ಅಮೆರಿಕದಲ್ಲಿ ಅದಕ್ಕೆ ತಗಡಿನ ಬಾತು ಅಂತಲೇ ಹೆಸರು. ಫೋರ್ಡ್‌ನವರು ಮಾಡಿದ್ದು ಒಟ್ಟು 199. ಆ ವಿಮಾನದ ಸದ್ದು, ಅದುರು, ಗಾಳಿ ಜತೆ ಗುದ್ದಾಟ ಎಲ್ಲಾ ಆ ಪುಸ್ತಕದಲ್ಲಿದೆ. ಓದುತ್ತಾ ನನ್ನ ಅಂಗೈ ತಾನಾಗಿಯೇ ಬಿಗಿಯಾಯಿತು.

ಅದು ಸುಮ್ನೆ ಬರುವುದಿಲ್ಲ. ಕೇಡಿನ್ ಸ್ವತಃ ಪೈಲಟ್. ಜಂಕರ್ಸ್ 52 ಅನ್ನುವ ಹಳೆಯ ಜರ್ಮನ್ ವಿಮಾನ ಕೊಂಡು, ರಿಪೇರಿ ಮಾಡಿಸಿ, ತಾನೇ ಹಾರಿಸುತ್ತಿದ್ದ ಮನುಷ್ಯ. ಅದಕ್ಕೂ ಮೂರೇ ಇಂಜಿನ್, ಅದೂ ಮಡಿಕೆ ತಗಡಿನದೇ. 1984ರಲ್ಲಿ ಅದನ್ನು ಲುಫ್ತಾನ್ಸಾ ಕಂಪನಿಗೆ ಮಾರಿದರು. 1972ರಲ್ಲಿ ಅವರು ಬರೆದ 'ಸೈಬಾರ್ಗ್' ಕಾದಂಬರಿಯಿಂದಲೇ ಆರು ಮಿಲಿಯನ್ ಡಾಲರ್ ಮನುಷ್ಯನ ಟಿವಿ ಧಾರಾವಾಹಿ ಆಯಿತು. ಅಂದರೆ ಯಂತ್ರವನ್ನು ಪ್ರೀತಿಸಿ ಬರೆಯುವವರು. ಅಂಥವರ ಕೈಗೆ ಈ ನಾಯಕನನ್ನು ಕೊಟ್ಟಾಗ ಅವರು ವಿಮಾನ ಹತ್ತಿಸಿದರು. ಅದರಲ್ಲಿ ತಪ್ಪೇನು?

ಇಂಡಿ, ಅಂದರೆ ನಮ್ಮ ಜೋನ್ಸ್, ಗೂಢಚಾರನ ಹಾಗೆ ಆಗುತ್ತಾನೆ ಅನ್ನುವುದು ಸರಿ, ಒಪ್ಪುತ್ತೇನೆ. 'ವೈಟ್ ವಿಚ್' ಬಗ್ಗೆ ನನಗೂ ಹೇಳಲು ಹೆಚ್ಚೇನಿಲ್ಲ.

ಹಳೇಕಪಾಟು, ಹುಬ್ಬಳ್ಳಿ

ಸರ್, ನಿಮ್ಮ ಮಾತು ಓದಿ ನಿನ್ನೆ ರಾತ್ರಿ 'ಸ್ಕೈ ಪೈರೇಟ್ಸ್' ಮತ್ತೆ ತೆಗೆದೆ. ಹಾರುವ ಅಧ್ಯಾಯಗಳನ್ನಷ್ಟೇ ಓದಿದೆ. ನೀವು ಹೇಳಿದ್ದು ಸರಿ, ಮೊದಲ ಸಲ ನಾನು ಅವುಗಳನ್ನು ದಾಟಿಸಿ ಓದಿದ್ದೆ ಅಂತ ಈಗ ಗೊತ್ತಾಗುತ್ತಿದೆ. ಇಂಜಿನ್ನಿನ ಸದ್ದು ಕಿವಿಗೆ ಬೀಳುತ್ತದೆ.

ಆದರೂ ನನ್ನ ದೂರು ಹಾಗೇ ಇದೆ. ವಿಮಾನಕ್ಕೆ ಕೊಟ್ಟ ಪ್ರೀತಿಯಲ್ಲಿ ಕಾಲುಭಾಗ ಅದರೊಳಗೆ ಕೂತವನಿಗೆ ಕೊಟ್ಟಿದ್ದರೆ ಅದು ಬಹಳ ದೊಡ್ಡ ಪುಸ್ತಕ ಆಗುತ್ತಿತ್ತು.

'ವೈಟ್ ವಿಚ್' ವಿಷಯ ಬಂದದ್ದಕ್ಕೆ ಒಂದು ಮಾತು. ಅದರಲ್ಲಿ ಮರ್ಲಿನ್ ಮಾಂತ್ರಿಕನ ಕಾಲದ ಖಡ್ಗ ಬರುತ್ತದೆ. ಮೆಕ್‌ಗ್ರೆಗರ್ ಅವರ 'ಡಾನ್ಸ್ ಆಫ್ ದಿ ಜಯಂಟ್ಸ್'ನಲ್ಲೂ ಮರ್ಲಿನ್ನೇ. ಇಂಗ್ಲೆಂಡಿನ ಸ್ಟೋನ್‌ಹೆಂಜಿನ ಕಲ್ಲುಗಳನ್ನು ಮರ್ಲಿನ್ ಐರ್ಲೆಂಡಿನಿಂದ ತಂದು ನಿಲ್ಲಿಸಿದ ಅಂತ ಹಳೆಯ ಕಥೆ ಇದೆ, ಆ ಕಲ್ಲುಗಳಿಗೆ ದೈತ್ಯರ ಕುಣಿತ ಅಂತ ಹೆಸರು, ಪುಸ್ತಕದ ಹೆಸರು ಅಲ್ಲಿಂದಲೇ. ಅದನ್ನು ಓದುವಾಗ ನನಗೆ ಕೊಪ್ಪಳದ ಹಿರೇಬೆಣಕಲ್ ನೆನಪಾಯಿತು. ಗುಡ್ಡದ ಮೇಲೆ ಸಾಲು ಸಾಲು ಕಲ್ಲಿನ ಮನೆಗಳು. ಮೋರ್ಯರು ಅನ್ನುವ ಕುಳ್ಳ ಜನ ಕಟ್ಟಿದ್ದು ಅಂತ ಸುತ್ತಲಿನ ಜನ ಹೇಳುತ್ತಾರೆ. ಅವರಿಗೆ ದೈತ್ಯರು, ನಮಗೆ ಕುಳ್ಳರು. ಕಲ್ಲು ದೊಡ್ಡದಾಗಿದ್ದರೆ ಕಥೆ ಹುಟ್ಟಲೇಬೇಕು.

ಮೆಕ್‌ಗ್ರೆಗರ್ ಆ ಕಲ್ಲುಗಳ ಮುಂದೆ ನಿಲ್ಲುವ ಮನುಷ್ಯನ ಬೆರಗು ಬರೆದರು. ಕೇಡಿನ್ ಅವರ ಪುಸ್ತಕದಲ್ಲಿ ಆ ಬೆರಗು ನನಗೆ ಸಿಗಲಿಲ್ಲ.

ಏಲಕ್ಕಿಹಾರ, ಹಾವೇರಿ

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೆಕ್‌ಗ್ರೆಗರ್ ಅವರ ಮೊದಲ ಮೂರು, ಮೆಕಾಯ್ ಅವರ ಮೊದಲ ಎರಡು ಓದಿದ್ದೇನೆ, ಅಷ್ಟೇ.

ಡೆಲ್ಫಿ ಪುಸ್ತಕದ ಬಗ್ಗೆ ಒಂದು ವಿಷಯ ನಿಮಗೆಲ್ಲ ಹೇಳಲೇಬೇಕು. ಡೆಲ್ಫಿಯ ಗುಡಿಯಲ್ಲಿ ಪಿಥಿಯಾ ಅನ್ನುವ ಪೂಜಾರಿಣಿ ನೆಲದ ಬಿರುಕಿನಿಂದ ಬರುವ ಆವಿ ಕುಡಿದು ಮೈಮೇಲೆ ಬಂದವಳ ಹಾಗೆ ಭವಿಷ್ಯ ಹೇಳುತ್ತಿದ್ದಳು ಅಂತ ಹಳೆಯ ಗ್ರೀಕರು ಬರೆದಿದ್ದಾರೆ. ನಮ್ಮ ಕಡೆ ಜಾತ್ರೆಯಲ್ಲಿ ಕಾರಣಿಕ ಹೇಳುವುದನ್ನು ಕಂಡವರಿಗೆ ಇದು ಹೊಸದಲ್ಲ. ಮೈಲಾರದ ಗೊರವಪ್ಪ ಬಿಲ್ಲು ಹತ್ತಿ ಒಂದೇ ಮಾತು ಹೇಳುತ್ತಾರೆ, ಅದರ ಅರ್ಥ ಹುಡುಕುತ್ತಾ ಊರೆಲ್ಲ ಮಾತಾಡುತ್ತದೆ. ಡೆಲ್ಫಿಯಲ್ಲೂ ಅಷ್ಟೇ, ಮಾತು ಒಗಟಿನ ಹಾಗೆ ಇರುತ್ತಿತ್ತು.

1892ರಲ್ಲಿ ಫ್ರೆಂಚರು ಅಲ್ಲಿ ಅಗೆಯಲು ಶುರು ಮಾಡಿದರು. ಅದಕ್ಕಾಗಿ ಮೇಲಿದ್ದ ಊರನ್ನೇ ಎತ್ತಿ ಬೇರೆ ಕಡೆ ಕೂರಿಸಿದರು. ಗುಡಿಯ ಕೆಳಗೆ ಬಿರುಕು ಕಾಣಲಿಲ್ಲ. ಆವಿ-ಗೀವಿ ಎಲ್ಲ ಕಟ್ಟುಕಥೆ ಅಂತ ಬಹಳ ವರ್ಷ ವಿದ್ವಾಂಸರು ನಂಬಿದ್ದರು. ಮೆಕ್‌ಗ್ರೆಗರ್ 1991ರಲ್ಲಿ ತಮ್ಮ ಕಾದಂಬರಿಯಲ್ಲಿ ಭೂಕಂಪದಿಂದ ನೆಲ ಬಿರಿದು ಆವಿ ಏಳುವ ಹಾಗೆ ಬರೆದರು. ಆಮೇಲೆ ಹತ್ತು ವರ್ಷಕ್ಕೆ, 2001ರಲ್ಲಿ, ಭೂವಿಜ್ಞಾನಿಗಳು ಆ ಗುಡಿಯ ಕೆಳಗೆ ಎರಡು ಸ್ತರಭಂಗ, ಅಂದರೆ ನೆಲದಾಳದ ಬಂಡೆಯ ಬಿರುಕುಗಳು, ಒಂದನ್ನೊಂದು ಹಾಯುತ್ತವೆ ಅಂತ ಪ್ರಕಟಿಸಿದರು, ಅಲ್ಲಿನ ಚಿಲುಮೆ ನೀರಿನಲ್ಲಿ ಅಮಲು ಬರಿಸುವ ಎಥಿಲೀನ್ ಅನಿಲದ ಗುರುತೂ ಸಿಕ್ಕಿತು. ಇದನ್ನು ಒಪ್ಪದವರೂ ಇದ್ದಾರೆ. ಆದರೂ ಸಾಹಸದ ಕಾದಂಬರಿಯವರು ಹಳೆಯ ಜನರ ಮಾತನ್ನು ನಂಬಿದ್ದು ನನಗೆ ಬಹಳ ಇಷ್ಟವಾಯಿತು. ಇದನ್ನು ಒಂಬತ್ತನೇ ತರಗತಿಗೆ ಹೇಳಿದಾಗ ಮಕ್ಕಳು ಬೆಲ್ ಹೊಡೆದರೂ ಏಳಲಿಲ್ಲ.

'ಡೈನೋಸಾರ್ ಎಗ್ಸ್' ಬಗ್ಗೆಯೂ ಹೀಗೇ. ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ರಾಯ್ ಚಾಪ್‌ಮನ್ ಆಂಡ್ರ್ಯೂಸ್ ತಂಡಕ್ಕೆ 1923ರಲ್ಲಿ ಡೈನೋಸಾರ್ ಮೊಟ್ಟೆ ಸಿಕ್ಕಿದ್ದು ನಿಜ. ಮೆಕಾಯ್ ಆ ನೆಲದ ಮೇಲೆ ಕಥೆ ನಿಲ್ಲಿಸಿದರು. ಆದರೆ ಬದುಕಿರುವ ಡೈನೋಸಾರ್ ಅಂತ ಹೋದಾಗ ನನಗೆ ಕೈ ತಪ್ಪಿದ ಹಾಗೆ ಅನಿಸಿತು. ಗದಗಿನ ತಮ್ಮ ಬೇಜಾರು ಮಾಡಿಕೊಳ್ಳಬೇಡಿ, ನಾಲ್ಕರಲ್ಲಿ ಅದು ಸಪ್ಪೆ ಅಂತ ಕೇಳಿದ್ದೇನೆ, ಹೌದಾ?

ಹೆಣ್ಣುಮಕ್ಕಳ ಪಾತ್ರದ ಬಗ್ಗೆ ಯಾರೂ ಹೇಳಲಿಲ್ಲ. ಬೆಲೆಕಾಮಸ್ ನನಗೆ ಈ ಪುಸ್ತಕಗಳಲ್ಲೆಲ್ಲ ಹೆಚ್ಚು ನೆನಪಲ್ಲಿ ಉಳಿದವಳು. ಅವಳು ಅವನಿಗೆ ಗುರು, ಅವನಿಗಿಂತ ತಿಳಿದವಳು, ಅವಳ ಮನಸ್ಸಿನಲ್ಲಿ ಏನಿದೆ ಅಂತ ಕೊನೆಯವರೆಗೂ ಪೂರ್ತಿ ಗೊತ್ತಾಗುವುದಿಲ್ಲ. ಡೇರ್ಡ್ರ ಪುರಾತತ್ವ ಓದಿದವಳು, ಅವನ ಜತೆ ವಾದ ಮಾಡುತ್ತಾಳೆ. ಎರಡನೇ ಸಿನಿಮಾದಲ್ಲಿ ಕಿರುಚುವುದೇ ಕೆಲಸವಾಗಿದ್ದ ನಾಯಕಿಗೆ ಹೋಲಿಸಿದರೆ ಇವರು ಎಷ್ಟೋ ಮೇಲು. ಅಲೀಷಿಯಾ ನನಗೆ ಇನ್ನೂ ಅಷ್ಟು ಹತ್ತಿರ ಆಗಿಲ್ಲ, ಮೂರನೆಯದು ಓದಿದ ಮೇಲೆ ಹೇಳುತ್ತೇನೆ.

ಲಕ್ಕುಂಡಿಬಾವಿ, ಗದಗ

ಅಕ್ಕಾ, ಬೇಜಾರು ಏನಿಲ್ಲ. 'ಡೈನೋಸಾರ್ ಎಗ್ಸ್' ನಾಲ್ಕರಲ್ಲಿ ಸಪ್ಪೆ, ಹೌದು. ಶಾಪದ ಎಳೆಯೂ ಅದರಲ್ಲಿ ತೆಳುವಾಗುತ್ತದೆ.

ಹಳೇಕಪಾಟು, ಹುಬ್ಬಳ್ಳಿ

ಮೇಡಂ, ಡೆಲ್ಫಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಕಾರಣಿಕದ ಜತೆ ಇಟ್ಟು ನೋಡಿದ ಮೇಲೆ ಆ ಪುಸ್ತಕ ಇನ್ನೂ ಹತ್ತಿರವಾಯಿತು.

ಈಗ ನಿಜವಾದ ಹೋಲಿಕೆಗೆ ಬರುತ್ತೇನೆ. ಮೆಕ್‌ಗ್ರೆಗರ್ ಮತ್ತು ಮೆಕಾಯ್ ಇಬ್ಬರೂ ಒಂದೇ ವಿಷಯಕ್ಕೆ ಕೈ ಹಾಕಿದ್ದಾರೆ. ಭೂಮಿಯ ಒಳಗೆ ಇನ್ನೊಂದು ಲೋಕ ಇದೆ ಅನ್ನುವುದು. ಮೆಕ್‌ಗ್ರೆಗರ್ ಅವರ ಆರನೆಯ ಪುಸ್ತಕ 'ಇಂಟೀರಿಯರ್ ವರ್ಲ್ಡ್', 1992. ಮೆಕಾಯ್ ಅವರ ಮೂರನೆಯದು 'ಹಾಲೋ ಅರ್ತ್', 1997. ಬೇರೆ ಬೇರೆ ನಿಧಿಗಳ ಪುಸ್ತಕ ಹೋಲಿಸುವುದು ಕಷ್ಟ, ಇಲ್ಲಿ ನಿಧಿಯೇ ಒಂದು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಈ ವಾರ ಓದಿದೆ.

ನಮಗೆ ಪಾತಾಳ ಹೊಸದಲ್ಲ. ಬಲಿ ಅಲ್ಲಿದ್ದಾನೆ, ನಾಗಲೋಕ ಅಲ್ಲಿದೆ, ಉಲೂಪಿ ಅರ್ಜುನನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ಯುರೋಪಿನಲ್ಲೂ ಈ ನಂಬಿಕೆ ಇತ್ತು. ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿಯೇ 1692ರಲ್ಲಿ ಭೂಮಿ ಟೊಳ್ಳು, ಒಳಗೆ ಚಿಪ್ಪಿನೊಳಗೆ ಚಿಪ್ಪು ಇವೆ ಅಂತ ಬರೆದಿದ್ದ.

ಮೆಕ್‌ಗ್ರೆಗರ್ ಈಸ್ಟರ್ ದ್ವೀಪದಿಂದ ಹೊರಟು ಚಿಲಿ ದೇಶದ ಚಿಲೋಯೆ ದ್ವೀಪಕ್ಕೆ ಹೋಗುತ್ತಾರೆ. ಅಲ್ಲಿ ಮಳೆ, ಮಂಜು, ದೆವ್ವದ ಹಡಗಿನ ಕಥೆಗಳು. ಒಳಲೋಕಕ್ಕೆ ಇಳಿದ ಮೇಲೆ ಎಚ್ಚರ ಯಾವುದು, ಕನಸು ಯಾವುದು ಅಂತ ಇಂಡಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಗದಗಿನ ತಮ್ಮ ಹೇಳಿದ ದೂರು ಇಲ್ಲಿ ಪೂರ್ತಿ ನಿಜ. ಅವನು ನಡೆಯುವುದಕ್ಕಿಂತ ತೇಲುವುದೇ ಜಾಸ್ತಿ. ಚಾಟಿ ಸೊಂಟದಲ್ಲೇ ಉಳಿಯುತ್ತದೆ. ಮೊದಲ ಸಲ ಓದಿದಾಗ ಮೆಚ್ಚಿದ್ದೆ. ಈ ಸಲ ನಡುವಿನ ನೂರು ಪುಟ ಕಷ್ಟಪಟ್ಟು ದಾಟಿದೆ.

ಮೆಕಾಯ್ ಉತ್ತರ ಧ್ರುವದ ಕಡೆ ಕರೆದೊಯ್ಯುತ್ತಾರೆ. ಹಿಮ, ಹಸಿವು, ಹಿಂದೆ ಬಿದ್ದ ನಾಜಿಗಳು. ಥೂಲೆ ಅನ್ನುವ ಕಳೆದುಹೋದ ನಾಡು ನಮ್ಮ ಮೂಲ ಅಂತ ನಂಬಿದ ಜನ ಜರ್ಮನಿಯಲ್ಲಿ ನಿಜವಾಗಿ ಇದ್ದರು. ಮ್ಯೂನಿಕ್‌ನಲ್ಲಿ 1918ರಲ್ಲಿ ಥೂಲೆ ಸಂಘ ಅಂತಲೇ ಕಟ್ಟಿಕೊಂಡಿದ್ದರು. ಹಾಗಾಗಿ ಒಳಲೋಕ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಅದನ್ನು ನಂಬಿದವರು ಏನು ಮಾಡಲು ತಯಾರಿದ್ದಾರೆ ಅನ್ನುವುದು ದೊಡ್ಡ ಭಯ. ಇದು ಸಿನಿಮಾದ ಒಳಗಿನ ಭಯವೇ. ಅಲೀಷಿಯಾಳ ಕಥೆ ಇಲ್ಲಿ ಎಲ್ಲಿ ಮುಟ್ಟುತ್ತದೆ ಅಂತ ಹೇಳುವುದಿಲ್ಲ, ಹಾವೇರಿ ಮೇಡಂ ಇನ್ನೂ ಓದಬೇಕು. ಕೊನೆಯ ಅಧ್ಯಾಯ ಬೆಳಗಿನ ಜಾವ ನಾಲ್ಕಕ್ಕೆ ಮುಗಿಸಿ ಆಮೇಲೆ ಮಲಗಲಿಲ್ಲ.

ಹಾಗಾಗಿ ಈ ಜೋಡಿಯಲ್ಲಿ ಮೆಕಾಯ್ ಗೆದ್ದರು. ಒಪ್ಪಿಕೊಳ್ಳುತ್ತೇನೆ.

ಆದರೆ ತಮ್ಮಾ, ಒಂದು ಕೇಳುತ್ತೇನೆ. ಶಾಪ ಅನ್ನುವುದು ಹೊರಗಿನಿಂದ ಬಂದದ್ದು. ಬುರುಡೆ ಮುಟ್ಟಿದ, ಶಾಪ ಹತ್ತಿತು. ಬುರುಡೆಯನ್ನು ಅದರ ಜಾಗಕ್ಕೆ ಮುಟ್ಟಿಸಿದರೆ ಶಾಪ ಬಿಡುತ್ತದೆ ಅನ್ನುವ ಆಸೆ ಕೊನೆಯವರೆಗೂ ಇದೆ. ಡೇರ್ಡ್ರ ಸತ್ತದ್ದಕ್ಕೆ ಯಾವ ಶಾಪವೂ ಇಲ್ಲ, ವಾಪಸ್ ಕೊಟ್ಟು ಕೈ ತೊಳೆದುಕೊಳ್ಳುವಂಥ ವಸ್ತುವೂ ಇಲ್ಲ. ನಾಲ್ಕನೇ ಪುಸ್ತಕ 'ಜೆನಿಸಿಸ್ ಡೆಲ್ಯೂಜ್'ನಲ್ಲಿ ಅವನು ಷಿಕಾಗೋಗೆ ಬಂದು, ಜಾಝ್ ನುಡಿಸುವ ಹಳೆಯ ಗೆಳೆಯ ಜ್ಯಾಕ್ ಶ್ಯಾನನ್ ಜತೆ ಸೇರಿ, ನೋಹನ ಹಡಗು ಹುಡುಕಲು ಅರರಾತ್ ಬೆಟ್ಟಕ್ಕೆ ಹೊರಡುತ್ತಾನಲ್ಲ, ಆ ಪುಸ್ತಕದ ತುಂಬ ನನಗೆ ಕಂಡದ್ದು ಬೆಟ್ಟವಲ್ಲ. ಹೆಂಡತಿ ಇಲ್ಲದ ಮನುಷ್ಯ ಕಂಡ. ಸಿನಿಮಾದಲ್ಲಿ ಅವನು ಯಾರ ಹತ್ತಿರವೂ ಪೂರ್ತಿ ಮನಸ್ಸು ಬಿಚ್ಚುವುದಿಲ್ಲ ಯಾಕೆ ಅಂತ ನನಗೆ ಅಲ್ಲಿ ಉತ್ತರ ಸಿಕ್ಕಿತು. ಮೂರನೆಯ ಪುಸ್ತಕವೊಂದೇ ಬರೆದಿದ್ದರೂ ಮೆಕ್‌ಗ್ರೆಗರ್ ನನಗೆ ಮೊದಲಿಗರೇ.

ಲಕ್ಕುಂಡಿಬಾವಿ, ಗದಗ

ಅಣ್ಣಾ, ಶಾಪ ಹೊರಗಿನಿಂದ ಬಂದದ್ದು ಅನ್ನುವ ಮಾತಿಗೆ ಎರಡು ದಿನ ಯೋಚನೆ ಮಾಡಿದೆ. ನೀವು ಹೇಳಿದ್ದರಲ್ಲಿ ಬಲ ಇದೆ. ಆದರೆ ಬುರುಡೆ ಮುಟ್ಟು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಎಚ್ಚರಿಕೆ ಇತ್ತು, ಆಸೆ ತಡೆಯಲಿಲ್ಲ, ಕೈ ಹಾಕಿದ. ಆಮೇಲೆ ಆಗುವುದೆಲ್ಲ ಅವನ ಕೈಯಿಂದಲೇ ಶುರುವಾದದ್ದು. ಡೇರ್ಡ್ರ ಸತ್ತದ್ದಕ್ಕೆ ಅವನು ಅಳಬಹುದು. ಅಲೀಷಿಯಾ ವಿಷಯದಲ್ಲಿ ಅವನು ತನ್ನನ್ನೇ ಕ್ಷಮಿಸಿಕೊಳ್ಳಲು ಆಗುವುದಿಲ್ಲ. ನನಗೆ ಎರಡನೆಯದು ದೊಡ್ಡದು ಅನಿಸುತ್ತದೆ. ಇಲ್ಲಿ ನಾವಿಬ್ಬರೂ ಬೇರೆ ಬೇರೆಯೇ ಉಳಿಯೋಣ.

ಮೂರುಇಂಜಿನ್, ಧಾರವಾಡ

ನಾನು 2009ರಲ್ಲಿ ಬಂದ ಸ್ಟೀವ್ ಪೆರಿ ಅವರ 'ಆರ್ಮಿ ಆಫ್ ದಿ ಡೆಡ್' ಸಹ ಓದಿದೆ. ಕಥೆ 1943ರದು, ಹೈಟಿ ದೇಶ, ಎದ್ದು ನಡೆಯುವ ಹೆಣಗಳು. ಕಾಡಲ್ಲಿ ನಡೆಯುವುದೇ ನಡೆಯುವುದು. ಹತ್ತು ವರ್ಷ ಕಾದ ಮೇಲೆ ಬಂದ ಪುಸ್ತಕ ಅದು, ನನಗೆ ಅಷ್ಟು ಹಿಡಿಸಲಿಲ್ಲ. ಜರ್ಮನ್ ಭಾಷೆಯಲ್ಲಿ ವೋಲ್ಫ್‌ಗಾಂಗ್ ಹೋಲ್‌ಬೈನ್ ಬರೆದ ಎಂಟು ಬೇರೆಯೇ ಇವೆ. ಜರ್ಮನ್ ಬರುವವರು ಯಾರಾದರೂ ಇದ್ದರೆ ಓದಿ ಹೇಳಿ, ಬಹಳ ಆಸೆ ಇದೆ.

ಕುಂದಗೋಳದ ಹುಡುಗ

ಸರ್, ಅಕ್ಕಾ, ಎಲ್ಲರಿಗೂ ನಮಸ್ಕಾರ. ನಾನು ಬಿಎ ಎರಡನೇ ವರ್ಷ. ಒಂದೂ ಓದಿಲ್ಲ, ಸಿನಿಮಾ ಎಲ್ಲ ನೋಡಿದ್ದೇನೆ. ಇಂಗ್ಲಿಷ್ ಪುಸ್ತಕ ಪೂರ್ತಿ ಓದಿ ಅಭ್ಯಾಸ ಇಲ್ಲ. ಯಾವುದರಿಂದ ಶುರು ಮಾಡಲಿ? ಕನ್ನಡದಲ್ಲಿ ಇಂಥದ್ದು ಇದೆಯಾ?

ಏಲಕ್ಕಿಹಾರ, ಹಾವೇರಿ

ತಮ್ಮಾ, ಕನ್ನಡದ್ದು ಬೇಕಾದರೆ ನಮ್ಮ ಜಿಲ್ಲೆಯ ಗಳಗನಾಥರಿಂದ ಶುರು ಮಾಡು. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು, ವಿಜಯನಗರ ಹುಟ್ಟಿದ ಕಥೆ 'ಮಾಧವ ಕರುಣಾವಿಲಾಸ' ಬರೆದವರು. ಹೊತ್ತುಕೊಂಡು ಊರೂರು ತಿರುಗಿ ಪುಸ್ತಕ ಮಾರಿದವರು. ಭಾಷೆ ಹಳೆಯದು, ಇಪ್ಪತ್ತು ಪುಟ ತಾಳಿಕೋ, ಆಮೇಲೆ ತಾನೇ ಎಳೆದುಕೊಂಡು ಹೋಗುತ್ತದೆ. ಇಂಗ್ಲಿಷಿನದಕ್ಕೆ ಹುಬ್ಬಳ್ಳಿ ಸರ್ ಹೇಳಲಿ.

ಹಳೇಕಪಾಟು, ಹುಬ್ಬಳ್ಳಿ

'ಪೆರಿಲ್ ಅಟ್ ಡೆಲ್ಫಿ'ಯಿಂದ ಶುರು ಮಾಡಪ್ಪ. ಇಂಗ್ಲಿಷ್ ಸರಳ, ವಾಕ್ಯ ಚಿಕ್ಕವು. ಅವನೂ ಆಗ ನಿನ್ನ ವಯಸ್ಸಿನ ಹತ್ತಿರದವನೇ, ಮುಂದೆ ಏನು ಓದಬೇಕು ಅಂತ ತಲೆ ಕೆಡಿಸಿಕೊಂಡಿದ್ದಾನೆ. ಎರಡು, ಮೂರು ಅದೇ ಸಾಲಿನಲ್ಲಿ ಓದು. ನಾಲ್ಕನೆಯದು ಮುಗಿದ ಮೇಲೆ ಬೇಕಾದರೆ ನೇರ ಮೆಕಾಯ್‌ಗೆ ಹೋಗು, ಬಿಟ್ಟದ್ದನ್ನು ಆಮೇಲೆ ಓದಬಹುದು. ಆದರೆ ಮೂರನೆಯದನ್ನು ಬಸ್ಸಿನಲ್ಲಿ ಮುಗಿಸಬೇಡ, 'ಸೆವೆನ್ ವೇಲ್ಸ್' ಅದರ ಹೆಸರು, ಮನೆಯಲ್ಲಿ ಕೂತು ಮುಗಿಸು.

ಕೊಳ್ಳಬೇಡ. ಹಳೆಯ ಪ್ರತಿಗೆ ಈಗ ಆನ್‌ಲೈನಿನಲ್ಲಿ ಬಾಯಿಗೆ ಬಂದ ರೇಟು ಹೇಳುತ್ತಾರೆ. ನನಗೆ ಒಬ್ಬರು ಮುಖಪುಟ ಹರಿದ, ಕೊನೆಯ ಹದಿನಾರು ಪುಟ ಇಲ್ಲದ ಪುಸ್ತಕ ಕಳಿಸಿ ದುಡ್ಡು ವಾಪಸ್ ಕೊಡಲಿಲ್ಲ. ನನ್ನ ಪ್ರತಿ ಕೊಡುತ್ತೇನೆ. ಶನಿವಾರ ಮಧ್ಯಾಹ್ನ ಹುಬ್ಬಳ್ಳಿಗೆ ಬಂದರೆ ಸಿಗೋಣ.

ಗದಗಿನ ತಮ್ಮಾ, ನಿನಗೆ ಬೇಕಾದ ಎರಡೂ ನನ್ನ ಹತ್ತಿರ ಇವೆ. ಅವತ್ತೇ ಬಾ. ನಿನ್ನ 'ಸೀಕ್ರೆಟ್ ಆಫ್ ದಿ ಸ್ಫಿಂಕ್ಸ್' ತಗೊಂಡು ಬಾ, ನನ್ನದರಲ್ಲಿ ಕಳೆದುಹೋದ ಪುಟ ಅದರವೇ. ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿಕೊಳ್ಳುತ್ತೇನೆ. ಹನ್ನೆರಡನೆಯದು ಮುಗಿಸಿದೆ ಅಂತ ಬರೆದೆನಲ್ಲ, ಕೊನೆಯ ಹದಿನಾರು ಪುಟ ಫೋನಿನಲ್ಲಿ ಯಾರೋ ಹಾಕಿದ ಮಸುಕು ಫೋಟೋಗಳಲ್ಲಿ ಓದಿದ್ದು. ಅವುಗಳನ್ನು ಕಾಗದದ ಮೇಲೆ ಓದಬೇಕು.

ಲಕ್ಕುಂಡಿಬಾವಿ, ಗದಗ

ತರುತ್ತೇನೆ ಅಣ್ಣಾ. ಮಧ್ಯಾಹ್ನದ ಗಾಡಿಗೆ ಬರುತ್ತೇನೆ, ಸ್ಟೇಷನ್ನಿನಲ್ಲೇ ಸಿಗಿ.